ಹಂದಿಯ ಮೂತಿಗೆ ಕೆಲಸ ಕೊಡಿ

ಮನೆ ಮಟ್ಟಿಗೆ ನಾಲ್ಕಾರು ಹಂದಿ ಸಾಕುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಒಂದೇ ತರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರೂ ಇಲ್ಲ.

ಪ್ರಶ್ನೆ: ಅಕ್ಕಾ, ಮನೆ ಹಿಂದೆ ಸ್ವಲ್ಪ ಖಾಲಿ ಜಾಗ ಇದೆ. ಒಂದು ಹಂದಿಮರಿ ತಂದು ನೈಸರ್ಗಿಕವಾಗಿ ಬೆಳೆಸೋಣ ಎಂದಿದ್ದೇವೆ. ಗೂಡು ಗೀಡು ಕಟ್ಟದೆ ಸುಮ್ನೆ ಬಿಟ್ಟರೆ ತಾನೇ ಮೇಯ್ದುಕೊಂಡು ಬೆಳೆಯುತ್ತದೆ ಅಲ್ವಾ?

ಮೊದಲು ಒಂದು ಮರಿಯನ್ನು ಎರಡು ಮಾಡಿ. ಹಂದಿ ಗುಂಪಿನಲ್ಲಿ ಬದುಕುವ ಪ್ರಾಣಿ. ಒಂಟಿ ಮರಿಗೆ ಚಳಿಯಲ್ಲಿ ಮೈಗೆ ಮೈ ತಾಗಿಸಿ ಮಲಗಲು ಯಾರೂ ಇರುವುದಿಲ್ಲ. ಬೇಸರಕ್ಕೆ ಬೇಲಿ ಮುರಿದು ನಿಮ್ಮ ಹಿಂದೆಯೇ ಸುತ್ತುತ್ತದೆ. ಎರಡಿದ್ದರೆ ಪೈಪೋಟಿಗೆ ಬಿದ್ದು ತಿನ್ನುತ್ತವೆ ಕೂಡ.

ಇನ್ನು ಸುಮ್ನೆ ಬಿಡುವ ಮಾತು. ಖಂಡಿತ ಬೇಡ. ಎಲ್ಲೆಂದರಲ್ಲಿ ಅಲೆಯುವ ಹಂದಿ ಮನುಷ್ಯರ ಮಲಕ್ಕೂ ಬಾಯಿ ಹಾಕುತ್ತದೆ. ಅದರಲ್ಲಿ ಲಾಡಿಹುಳುವಿನ ಮೊಟ್ಟೆ ಇದ್ದರೆ ಹಂದಿಯ ಮಾಂಸದಲ್ಲಿ ಗುಳ್ಳೆ ಕಟ್ಟುತ್ತದೆ. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಲ್ಲಿ ಹುಳು ಬೆಳೆಯುತ್ತದೆ. ಅವರ ಮಲದಿಂದ ಮೊಟ್ಟೆ ನೀರಿಗೋ ಸೊಪ್ಪಿಗೋ ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋದರೆ ಮಿದುಳಿನಲ್ಲೇ ಗುಳ್ಳೆಯಾಗಿ ಫಿಟ್ಸ್ ಬರಬಹುದು. ಈ ಸರಪಳಿಯಲ್ಲಿ ತಪ್ಪು ಹಂದಿಯದ್ದಲ್ಲ. ಮನೆಯವರಿಗೆಲ್ಲ ಪಾಯಿಖಾನೆ, ಹಂದಿಗೆ ಗಟ್ಟಿ ಬೇಲಿ. ಇವೆರಡೂ ಆದ ಮೇಲೆ ಮರಿ ತನ್ನಿ.

ಬೇಲಿಯೊಳಗೆ ಹಂದಿ ಏನು ಮಾಡಬೇಕು ಅನ್ನುವುದೇ ಮುಖ್ಯ. 1970ರ ದಶಕದ ಕೊನೆಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಲೆಕ್ಸ್ ಸ್ಟೋಲ್ಬಾ, ಡೇವಿಡ್ ವುಡ್-ಗಶ್ ಎಂಬ ಸಂಶೋಧಕರು ಫಾರಂ ತಳಿಯ ಹಂದಿಗಳನ್ನು ಮರ, ಪೊದೆ, ತೊರೆ ಇರುವ ಜಾಗಕ್ಕೆ ಬಿಟ್ಟು ವರ್ಷಗಟ್ಟಲೆ ನೋಡಿದರು. ಹಗಲಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ಅವು ನೆಲ ಕೆದಕುತ್ತಲೋ ಮೇಯುತ್ತಲೋ ಇದ್ದವು. ಸೇರಿ ಮಲಗಲು ಗೂಡು ಮಾಡಿಕೊಂಡವು. ಗಲೀಜು ಮಾಡಲು ಗೂಡಿನಿಂದ ದೂರ ಹೋದವು. ಕಾಡುಹಂದಿಯ ನಡವಳಿಕೆ ಒಂದೂ ಬಿಟ್ಟುಹೋಗಿರಲಿಲ್ಲ ಅನ್ನಬಹುದು.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಒಂದೇ: ಹಂದಿಯ ಮೂತಿಗೆ ದಿನವಿಡೀ ಕೆಲಸ ಇರಲಿ. ಅರ್ಧ ತಾಪತ್ರಯ ಅಲ್ಲಿಗೇ ಹೋಗುತ್ತದೆ. ಕೆಲಸ ಇಲ್ಲದ ಮೂತಿ ಪಕ್ಕದ ಹಂದಿಯ ಬಾಲ ಕಚ್ಚಲು ಹೊರಡುತ್ತದೆ. ದೊಡ್ಡ ಫಾರಂಗಳಲ್ಲಿ ಮರಿಗಳ ಬಾಲ ಕತ್ತರಿಸುವುದು ಈ ಕಾರಣಕ್ಕೇ. ಯುರೋಪಿಯನ್ ಒಕ್ಕೂಟದಲ್ಲಿ ವಾಡಿಕೆ ಎಂದು ಹಾಗೆ ಕತ್ತರಿಸುವಂತಿಲ್ಲ. ಕೆದಕಲು ಹುಲ್ಲಿನಂಥದ್ದು ಏನಾದರೂ ಕೊಡಲೇಬೇಕು ಎಂದು ಅಲ್ಲಿನ ನಿಯಮವೇ ಹೇಳುತ್ತದೆ.

ಗೂಡು ಮಾತ್ರ ಕಟ್ಟಲೇಬೇಕು. ಮೇಲೆ ಸೋರಬಾರದು, ಕೆಳಗೆ ಒದ್ದೆಯಾಗಬಾರದು, ಗಾಳಿ ನೇರ ಹೊಡೆಯಬಾರದು. ಇಷ್ಟಿದ್ದರೆ ಅಂದಚೆಂದ ಏನೂ ಬೇಡ.

ಪ್ರಶ್ನೆ: ನಾಲ್ಕು ಹಂದಿ ಬಿಟ್ಟ ಜಾಗವನ್ನು ಎರಡೇ ವಾರದಲ್ಲಿ ಪೂರ್ತಿ ಅಗೆದುಹಾಕಿವೆ. ಮೂಗಿಗೆ ತಂತಿಯ ರಿಂಗ್ ಹಾಕಿಸಿದರೆ ಕೆದಕುವುದು ನಿಲ್ಲುತ್ತದೆ ಎನ್ನುತ್ತಾರೆ. ಹಾಕಿಸಲಾ?

ಹಾಕಿಸಬೇಡಿ. ಹಂದಿಯ ಮೂತಿಯನ್ನು ಹತ್ತಿರದಿಂದ ನೋಡಿದ್ದೀರಾ? ತುದಿ ಬಿಲ್ಲೆಯ ಹಾಗೆ ಚಪ್ಪಟೆ, ಯಾವಾಗಲೂ ಒದ್ದೆ. ಮಣ್ಣು ಎತ್ತುವಾಗ ಆಸರೆಗೆಂದು ಒಳಗೆ ಒಂದು ಪುಟ್ಟ ಎಲುಬೇ ಇದೆ. ಇಷ್ಟು ಗಟ್ಟಿಯಾದ ಮೂತಿ ಅಷ್ಟೇ ಸೂಕ್ಷ್ಮ. ನಮ್ಮ ಮನೆಯ ಕೆಂಚಿ ಎಂಬ ಹಂದಿಗೆ ಒಂದು ಹಿಡಿ ಕಾಳನ್ನು ಮಣ್ಣಲ್ಲಿ ಬೆರೆಸಿ ಮುಚ್ಚಿಟ್ಟರೆ, ಕಲ್ಲನ್ನು ಆಚೆ ತಳ್ಳಿ, ಕಡ್ಡಿಯನ್ನು ಈಚೆ ಸರಿಸಿ, ಕಾಳನ್ನಷ್ಟೇ ತುಟಿಯಲ್ಲಿ ಎತ್ತಿಕೊಳ್ಳುತ್ತಾಳೆ. ಆ ಜಾಗಕ್ಕೆ ತಂತಿ ಚುಚ್ಚಿದರೆ ಕೆದಕಿದಾಗಲೆಲ್ಲ ನೋವಾಗುತ್ತದೆ. ನೋವಿಗೆ ಹೆದರಿ ಕೆದಕುವುದನ್ನು ಬಿಡುತ್ತದೆ. ಕೆದಕುವ ಆಸೆ ಹೋಗುವುದಿಲ್ಲ. ರಿಂಗ್ ಹಾಕುವಷ್ಟು ಬೇಸರವಿದ್ದರೆ ಹಂದಿಯ ಬದಲು ಕುರಿ ಸಾಕಿ ಅನ್ನುವುದು ನನ್ನ ಮಾತು.

ನಿಮ್ಮ ತೊಂದರೆ ಇರುವುದು ಎರಡು ವಾರ ಒಂದೇ ಕಡೆ ಬಿಟ್ಟಿದ್ದರಲ್ಲಿ. ಜಾಗವನ್ನು ನಾಲ್ಕೈದು ತುಂಡು ಮಾಡಿ. ಒಂದು ತುಂಡಿನಲ್ಲಿ ಹಸಿರು ಅರ್ಧ ಹೋಯಿತು ಎಂದಾಗ ಮುಂದಿನದಕ್ಕೆ ಹೊಡೆಯಿರಿ. ಕ್ಯಾಲೆಂಡರ್ ನೋಡಿ ಹೊಡೆಯಬೇಡಿ, ನೆಲ ನೋಡಿ. ಒಣಗಿದ ಗಟ್ಟಿ ನೆಲ ತುಂಬಾ ದಿನ ತಡೆಯುತ್ತದೆ. ಮಳೆಯಲ್ಲಿ ನೆನೆದದ್ದು ಎರಡೇ ದಿನಕ್ಕೆ ಕೆಸರಾಗುತ್ತದೆ, ಆಮೇಲೆ ತುಳಿತಕ್ಕೆ ಒತ್ತಿ ಗಟ್ಟಿಯಾಗಿ ವರ್ಷವಾದರೂ ಹುಲ್ಲು ಏಳುವುದಿಲ್ಲ.

ಹೇಗೂ ಅಗೆಯುತ್ತವೆ, ಅದನ್ನು ದುಡಿಸಿಕೊಳ್ಳಿ. ಕಳೆ ತುಂಬಿದ, ಬೇರು ಗಡ್ಡೆ ಹೆಣೆದುಕೊಂಡ ಜಾಗಕ್ಕೆ ಮೊದಲು ಬಿಡಿ. ಹಂದಿಗಳು ಅಗೆದು ಮುಂದಕ್ಕೆ ಹೋದ ಮೇಲೆ ಮಟ್ಟ ಮಾಡಿ ಬಿತ್ತಬಹುದು. ಆದರೆ ತರಕಾರಿ ಬೆಳೆಯುವವರು ಸ್ವಲ್ಪ ತಾಳಬೇಕು. ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಬಿದ್ದ 120 ದಿನಗಳ ನಂತರವೇ ಕೊಯ್ಯಬೇಕು ಎಂದು ಅಮೆರಿಕದ ಸಾವಯವ ನಿಯಮ ಹೇಳುತ್ತದೆ. ಎಲ್ಲಿದ್ದರೂ ಪಾಲಿಸಬಹುದಾದ ಲೆಕ್ಕ ಅದು.

ತುಂಡು ಮಾಡಲು ಶಾಕ್ ಬೇಲಿ ಸಾಕು. ಎರಡು ತಂತಿ: ನೆಲದಿಂದ ಸುಮಾರು 20 ಸೆಂಟಿಮೀಟರ್ ಮೇಲೆ ಒಂದು, 45ರಲ್ಲಿ ಇನ್ನೊಂದು. ಬೇಲಿಗೆಂದೇ ಬರುವ ಯಂತ್ರದಿಂದಲೇ ಕರೆಂಟ್ ಕೊಡಿ. ಮನೆಯ ಲೈನನ್ನು ನೇರ ತಂತಿಗೆ ಸಿಕ್ಕಿಸಿದರೆ ಹಂದಿಯೂ ಸಾಯುತ್ತದೆ, ಮಕ್ಕಳೂ ಸಾಯುತ್ತಾರೆ. ಹೊಸ ಮರಿಗಳನ್ನು ಮೊದಲು ಗೋಡೆಯಿರುವ ದೊಡ್ಡಿಯಲ್ಲಿ ಪಳಗಿಸಿ. ಗೋಡೆಯ ಮುಂದೆ ತಂತಿ ಎಳೆಯಿರಿ. ಶಾಕ್ ಹೊಡೆದಾಗ ಹಂದಿ ಗಾಬರಿಯಲ್ಲಿ ಮುಂದಕ್ಕೇ ನುಗ್ಗುತ್ತದೆ. ಎದುರಿಗೆ ಗೋಡೆ ಇದ್ದರೆ ಹಿಂದೆ ಸರಿಯಲು ಕಲಿಯುತ್ತದೆ.

ಒಮ್ಮೆ ಕಲಿತರೆ ಮರೆಯುವುದಿಲ್ಲ, ಅದೂ ಒಂದು ಪಜೀತಿ. ಮುಂದಿನ ತುಂಡಿಗೆ ಹೊಡೆಯಲು ತಂತಿ ತೆಗೆದರೂ ಆ ಗೆರೆ ದಾಟುವುದಿಲ್ಲ. ಕೆಂಚಿ ನಿನ್ನೆ ತಂತಿ ಇದ್ದ ಕಡೆ ಬಂದು ನಿಂತು, ಮೂತಿ ಮುಂದೆ ಚಾಚಿ ಗಾಳಿ ಮೂಸುತ್ತಾಳೆ. ಮುಂಗಾಲು ಎತ್ತುತ್ತಾಳೆ, ಹಿಂದೆ ಇಡುತ್ತಾಳೆ. ನಮ್ಮ ಮನೆಯವರು ಆ ಕಡೆ ನಿಂತು ಬಕೆಟ್ ಬಡಿದು ಬಡಿದು ಸುಸ್ತಾಗುತ್ತಾರೆ. ಅದಕ್ಕೇ ದಾಟುವ ಜಾಗದಲ್ಲಿ ಮೊದಲಿನಿಂದಲೂ ಮರದ ಗೇಟು ಇಡಿ. ಗೇಟಿಗೆ ಅವು ಹೆದರುವುದಿಲ್ಲ.

ಜಾಗ ತೀರಾ ಕಡಿಮೆ ಇದ್ದರೆ, ಅಥವಾ ಮಳೆ ಹಿಡಿದಾಗ, ಚಾವಣಿಯ ಕೆಳಗೆ ದಪ್ಪ ಹಾಸು ಹಾಕಿ ಸಾಕಿ. ಮರದ ಹೊಟ್ಟು, ಒಣಹುಲ್ಲು, ಒಣ ಎಲೆ ಏನು ಸಿಕ್ಕರೂ ಸರಿ, ಮೊಣಕಾಲುದ್ದ ಇರಲಿ. ಮೇಲೆ ಒದ್ದೆಯಾದ ಹಾಗೆ ಒಣ ಹಾಸು ಸುರಿಯುತ್ತಾ ಹೋಗಿ. ನಡುನಡುವೆ ಕಾಳು ಎಸೆದರೆ ಅವೇ ತಿರುವಿ ಹಾಕುತ್ತವೆ. ಕೆಳಗೆ ಗೊಬ್ಬರ ಕಳಿತು ಬಿಸಿಯಾಗುತ್ತದೆ. ಚಳಿಗೆ ಅದು ಒಳ್ಳೆಯದು. ಸೆಕೆಯಲ್ಲಿ ಹಂದಿ ಬೇಯುತ್ತದೆ, ಆದ್ದರಿಂದ ಒಂದು ಮೂಲೆಯನ್ನು ಹಾಸಿಲ್ಲದೆ ಬರಿ ನೆಲವಾಗಿ ಬಿಡಿ. ಮೂಗಿಗೆ ಘಾಟು ಹೊಡೆಯಿತು ಎಂದರೆ ಹಾಸು ಸಾಲದು ಎಂದರ್ಥ.

ಪ್ರಶ್ನೆ: ಹುಲ್ಲು, ಸೊಪ್ಪು, ಹೋಟೆಲಿನಲ್ಲಿ ಉಳಿದ ಅಡುಗೆ ಹಾಕಿದರೆ ಸಾಲದೇ? ಚೀಲದ ಆಹಾರ ಕೊಟ್ಟರೆ ನೈಸರ್ಗಿಕ ಹೇಗಾಗುತ್ತದೆ?

ಹಂದಿಗೆ ದನದ ಹಾಗೆ ನಾಲ್ಕು ಕೋಣೆಯ ಹೊಟ್ಟೆ ಇಲ್ಲ. ನಮ್ಮ ಹೊಟ್ಟೆಯಂಥದ್ದೇ ಒಂದೇ ಚೀಲ. ಬೆಳೆದು ನಿಂತ, ಮರಿ ಹಾಲು ಕುಡಿಸದ ಹೆಣ್ಣು ಹಂದಿ ಎಳೆ ಹುಲ್ಲು, ಸೊಪ್ಪು, ಗಡ್ಡೆಯಿಂದ ಹಸಿವಿನ ದೊಡ್ಡ ಪಾಲು ತೀರಿಸಿಕೊಳ್ಳುತ್ತಾಳೆ. ಬೆಳೆಯುವ ಮರಿಗೆ ಅದು ಸಾಲದು. ಧಾನ್ಯ ಬೇಕು, ಪ್ರೋಟೀನ್ ಬೇಕು. ಪ್ರೋಟೀನಿನಲ್ಲೂ ಲೈಸಿನ್ ಎಂಬ ಅಂಶ ಮೊದಲು ಕೊರತೆ ಬೀಳುತ್ತದೆ. ಧಾನ್ಯದಲ್ಲಿ ಅದು ಕಡಿಮೆ. ಬೇಯಿಸಿದ ಬೇಳೆಕಾಳು, ಹಿಂಡಿ, ಮಜ್ಜಿಗೆ, ಚೀಸ್ ಮಾಡಿ ಉಳಿದ ಹಾಲಿನ ನೀರು ಆ ಕೊರತೆ ತುಂಬುತ್ತವೆ. ಚೀಲದಿಂದ ಬಂದರೂ ಸರಿ, ಹೊಲದಿಂದ ಬಂದರೂ ಸರಿ. ಹೊಟ್ಟೆ ದೊಡ್ಡದಾಗಿ ಬೆನ್ನೆಲುಬು ಕಾಣುವ ಮರಿಯನ್ನು ನೈಸರ್ಗಿಕ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಹಸಿ ಸೋಯಾ ಹಾಕಬೇಡಿ, ಹುರಿದೋ ಬೇಯಿಸಿಯೋ ಕೊಡಿ. ಹಸಿಯಾಗಿದ್ದರೆ ಅದರಲ್ಲಿರುವ ಒಂದು ಅಂಶ ಪ್ರೋಟೀನ್ ಜೀರ್ಣವಾಗಲು ಬಿಡುವುದಿಲ್ಲ. ಹಸಿರು ತಿರುಗಿದ ಆಲೂಗಡ್ಡೆ, ಬೂಸಲು ಹಿಡಿದ ಕಾಳು ದೂರ ಇಡಿ. ಹಂದಿ ಎಲ್ಲವನ್ನೂ ತಿನ್ನುತ್ತದೆ ನಿಜ, ಎಲ್ಲವನ್ನೂ ತಾಳಿಕೊಳ್ಳುವುದಿಲ್ಲ.

ಹೋಟೆಲ್ ಉಳಿಕೆಯ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹಬ್ಬಿ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಅದು ಶುರುವಾದದ್ದು ಸರಿಯಾಗಿ ಕಾಯಿಸದ ಉಳಿಕೆ ಹಾಕಿದ ಒಂದು ಹಂದಿ ಫಾರಂನಿಂದ ಎಂದು ಅಲ್ಲಿನ ತನಿಖೆ ಹೇಳಿತು. ಆಫ್ರಿಕನ್ ಹಂದಿ ಜ್ವರ ಅದಕ್ಕಿಂತ ಭಯಂಕರ. 1921ರಲ್ಲಿ ಕೀನ್ಯಾದಲ್ಲಿ ಗುರುತಿಸಿದ ಈ ರೋಗ 2007ರಲ್ಲಿ ಜಾರ್ಜಿಯಾ ದೇಶಕ್ಕೆ, 2018ರಲ್ಲಿ ಚೀನಾಕ್ಕೆ ಬಂತು. ಮನುಷ್ಯರಿಗೆ ತಗಲುವುದಿಲ್ಲ. ಹಂದಿಗೆ ತಗಲಿದರೆ ಔಷಧಿ ಇಲ್ಲ, ಗೂಡಿಗೆ ಗೂಡೇ ಖಾಲಿ. ಫ್ರಿಜ್ಜಿನ ಮಾಂಸದಲ್ಲಿ, ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಯಾರೋ ಎಸೆದ ಒಂದು ತುಂಡು ಸಾಕು. ಉಳಿಕೆ ಹಾಕುವುದನ್ನೇ ನಿಷೇಧಿಸಿರುವ ದೇಶಗಳಿವೆ, ನಿಮ್ಮಲ್ಲಿ ನಿಯಮ ಏನೆಂದು ಮೊದಲು ಕೇಳಿ. ಅನುಮತಿ ಇದ್ದರೂ ಮಾಂಸ ತಾಗಿದ ಯಾವುದನ್ನೂ ತರಬೇಡಿ. ಉಳಿದದ್ದನ್ನು ಅರ್ಧ ಗಂಟೆ ಕೊತಕೊತ ಕುದಿಸಿ, ನಡುವೆ ತಿರುವುತ್ತಾ ಇರಿ. ನನ್ನನ್ನು ಕೇಳಿದರೆ ಆ ಸೌದೆಯ ಖರ್ಚಿಗೆ ಧಾನ್ಯವೇ ಬರುತ್ತದೆ.

ಇನ್ನೊಂದು ಮಾತು, ನೀರು. ಹಾಲು ಕುಡಿಸುವ ತಾಯಿ ದಿನಕ್ಕೆ 20 ಲೀಟರಿಗೂ ಜಾಸ್ತಿ ಕುಡಿಯುತ್ತಾಳೆ. ಬಾನಿ ಖಾಲಿಯಾಗಿ ಒಂದು ದಿನ ಕಳೆದರೆ ಮೈಯಲ್ಲಿ ಉಪ್ಪಿನ ಅಂಶ ಏರಿ ಹಂದಿ ಕುರುಡಾದಂತೆ ಗೋಡೆಗೆ ಗುದ್ದುತ್ತದೆ, ಸೆಳವು ಬಂದು ಬೀಳುತ್ತದೆ. ಆಗ ಒಮ್ಮೆಲೇ ನೀರು ಕುಡಿಸಬೇಡಿ, ಸ್ವಲ್ಪ ಸ್ವಲ್ಪವೇ ಕೊಡಿ. ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ಕೆಸರಿನ ಹೊಂಡ ಬೇಕೇ ಬೇಕಾ? ನೋಡಿದವರು ಗಲೀಜು ಅಂತಾರೆ.

ಬೇಕು. ಹಂದಿಗೆ ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲು ಆಗುವುದಿಲ್ಲ. ಮೈಗೆ ಮೆತ್ತಿದ ಕೆಸರು ಬರಿ ನೀರಿಗಿಂತ ಹೆಚ್ಚು ಹೊತ್ತು ತಂಪು ಕೊಡುತ್ತದೆ. ಬಿಳಿ ಚರ್ಮ ಬಿಸಿಲಿಗೆ ಸುಡದಂತೆ ಕಾಯುತ್ತದೆ, ಹೇನು ನೊಣ ದೂರ ಇಡುತ್ತದೆ. ನೆರಳಿನಲ್ಲಿ ಹೊಂಡ ಮಾಡಿ, ಕುಡಿಯುವ ನೀರನ್ನು ಬೇರೆ ಕಡೆ ಇಡಿ. ನೋಡಿದವರು ಏನಾದರೂ ಅಂದುಕೊಳ್ಳಲಿ.

ಪ್ರಶ್ನೆ: ನಮ್ಮ ಹಂದಿ ಮೊದಲ ಸಲ ಗಬ್ಬ ನಿಂತಿದೆ. ಮರಿಗಳ ಮೇಲೆ ಮಲಗಿ ಸಾಯಿಸುತ್ತದೆ, ಕಬ್ಬಿಣದ ಪಂಜರದಲ್ಲೇ ಈಯಿಸಬೇಕು ಎಂದು ಎಲ್ಲರೂ ಹೆದರಿಸುತ್ತಾರೆ.

ಹೆದರಿಕೆ ಪೂರ್ತಿ ಸುಳ್ಳಲ್ಲ. ಹುಟ್ಟಿದ ಮರಿ ಒಂದು, ಒಂದೂವರೆ ಕಿಲೋ ಇರುತ್ತದೆ. ತಾಯಿ ನೂರೈವತ್ತು, ಇನ್ನೂರು ಕಿಲೋ. ಮೊದಲ ಮೂರು ದಿನಗಳಲ್ಲಿ ಕೆಲವು ಮರಿಗಳು ಅಡಿಗೆ ಸಿಕ್ಕಿ ಸಾಯುವುದು ಉಂಟು. ಪಂಜರದಲ್ಲಿ ಅದು ಕಡಿಮೆ, ಒಪ್ಪುತ್ತೇನೆ. ಆದರೆ ಆ ಪಂಜರದಲ್ಲಿ ತಾಯಿ ತಿರುಗಲೂ ಆಗುವುದಿಲ್ಲ, ಅವಳಿಗೆ ಅತಿ ಮುಖ್ಯವಾದ ಕೆಲಸವೇ ಅಲ್ಲಿ ಸಾಧ್ಯವಿಲ್ಲ.

ಅದು ಗೂಡು ಕಟ್ಟುವ ಕೆಲಸ. ಗಬ್ಬ ಸುಮಾರು 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಎಂದು ನೆನಪಿಡಿ. ಈಯುವ ಹಿಂದಿನ ದಿನ ಹಂದಿ ಸುಮ್ಮನಿರುವುದಿಲ್ಲ. ಕೆಂಚಿ ಮೊದಲು ಮೂತಿಯಿಂದ ನೆಲದಲ್ಲಿ ತಗ್ಗು ಮಾಡುತ್ತಾಳೆ. ಆಮೇಲೆ ಬಾಯಿ ತುಂಬ ಹುಲ್ಲು ಕಚ್ಚಿ ತರುತ್ತಾಳೆ. ಎರಡೂ ಕಡೆಯಿಂದ ಎಳೆಗಳು ನೆಲಕ್ಕೆ ಜೋತಾಡುತ್ತಿರುತ್ತವೆ. ತಗ್ಗಿನೊಳಗೆ ಹಾಕಿ, ಮುಂಗಾಲಿನಿಂದ ಒತ್ತಿ, ಸುತ್ತು ತಿರುಗಿ ಮಲಗಿ ನೋಡಿ, ಸರಿಯಿಲ್ಲ ಎಂದು ಎದ್ದು ಮತ್ತೆ ಹುಲ್ಲು ತರಲು ಹೋಗುತ್ತಾಳೆ. ಆ ಹೊತ್ತಿನಲ್ಲಿ ಮಾತಾಡಿಸಿದರೂ ತಲೆ ಎತ್ತುವುದಿಲ್ಲ. ಮೊಲೆ ಹಿಂಡಿದಾಗ ಹಾಲು ಬಂತು ಎಂದರೆ ಇನ್ನು ಒಂದು ದಿನದೊಳಗೆ ಮರಿ. ಮನಸ್ಸು ತೃಪ್ತಿಯಾಗುವಷ್ಟು ಗೂಡು ಕಟ್ಟಿದ ತಾಯಿ ಈದ ಮೇಲೆ ಶಾಂತವಾಗಿ ಮಲಗಿರುತ್ತಾಳೆ. ಪದೇ ಪದೇ ಏಳುವ, ದೊಪ್ಪೆಂದು ಬೀಳುವ ತಾಯಿಯಿಂದಲೇ ಮರಿಗಳಿಗೆ ಅಪಾಯ.

ನೀವು ಮಾಡಬೇಕಾದದ್ದು: ಈಯುವ ಕೋಣೆಯ ಗೋಡೆಗುಂಟ ನೆಲದಿಂದ 20–25 ಸೆಂಟಿಮೀಟರ್ ಎತ್ತರದಲ್ಲಿ, ಗೋಡೆಯಿಂದಲೂ ಅಷ್ಟೇ ದೂರದಲ್ಲಿ ಗಟ್ಟಿ ಅಡ್ಡಕಂಬ ಕೂರಿಸಿ. ತಾಯಿ ಗೋಡೆಗೆ ಒರಗಿ ಕುಸಿದಾಗ ಮರಿ ಕಂಬದ ಹಿಂದೆ ಉಳಿಯುತ್ತದೆ. ಒಂದು ಮೂಲೆಯನ್ನು ಮರಿಗಳಷ್ಟೇ ನುಗ್ಗುವ ಹಾಗೆ ಬೇರೆ ಮಾಡಿ ಅಲ್ಲಿ ಬಿಸಿ ಇಡಿ. ಹುಟ್ಟಿದ ಮರಿಗೆ 32–34 ಡಿಗ್ರಿ ಬೇಕು, ತಾಯಿಗೆ 20 ಡಿಗ್ರಿ ಹಿತ. ಬಿಸಿ ಮೂಲೆ ಇದ್ದರೆ ಹಾಲು ಕುಡಿದ ಮರಿಗಳು ತಾಯಿಯ ಹೊಟ್ಟೆ ಬಿಟ್ಟು ಅಲ್ಲಿಗೆ ಹೋಗಿ ಮಲಗುತ್ತವೆ. ಬಿಸಿಗೆ ಹಾಕುವ ಬಲ್ಬನ್ನು ಸರಪಳಿಯಲ್ಲಿ ನೇತುಹಾಕಿ, ವೈರಿನಲ್ಲಿ ಬೇಡ. ಕೆಳಗೆ ಒಣಹುಲ್ಲು ಇರುತ್ತದೆ, ನೆನಪಿರಲಿ.

ಗಿಣ್ಣು ಹಾಲು ಪ್ರತಿ ಮರಿಗೂ ಮೊದಲ ಕೆಲವು ಗಂಟೆಗಳಲ್ಲೇ ಸಿಗಬೇಕು. ಹಂದಿಯಲ್ಲಿ ರೋಗ ತಡೆಯುವ ಶಕ್ತಿ ಹೊಟ್ಟೆಯಲ್ಲಿರುವಾಗ ಮರಿಗೆ ಬರುವುದಿಲ್ಲ, ಗಿಣ್ಣಿನಲ್ಲೇ ಬರಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ಹೀರುವುದನ್ನು ನಿಲ್ಲಿಸುತ್ತದೆ. ಎರಡು ಮೂರು ದಿನದಲ್ಲಿ ಯಾವ ಮರಿಗೆ ಯಾವ ಮೊಲೆ ಎಂದು ಅವೇ ಜಗಳವಾಡಿ ತೀರ್ಮಾನಿಸಿಕೊಳ್ಳುತ್ತವೆ. ಆ ಪಂಚಾಯ್ತಿಗೆ ನೀವು ಹೋಗಬೇಡಿ.

ಸಿಮೆಂಟ್ ನೆಲದ ಮರಿಗಳಿಗೆ ಮೂರನೇ ದಿನದ ಹೊತ್ತಿಗೆ ಕಬ್ಬಿಣದ ಇಂಜೆಕ್ಷನ್ ಕೊಡುವುದು ವಾಡಿಕೆ. ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣ ಬೇಕು, ಹಾಲಿನಲ್ಲಿ ಸಿಗುವುದು ಸುಮಾರು 1. ಮಣ್ಣಿನಲ್ಲಿ ಬೆಳೆಯುವ ಮರಿ ಉಳಿದದ್ದನ್ನು ಮಣ್ಣಿನಿಂದ ಪಡೆಯುತ್ತದೆ. ನಿಮ್ಮದು ಸಿಮೆಂಟ್ ನೆಲವಾದರೆ, ಇಂಜೆಕ್ಷನ್ ಬೇಡ ಅನ್ನಿಸಿದರೆ, ಹಂದಿಗಳು ಓಡಾಡದ ಕಡೆಯಿಂದ ಹೊಸ ಮಣ್ಣಿನ ಹೆಂಟೆ ದಿನಾ ತಂದು ಹಾಕಿ. ದಿನಾ ಆಗುವುದಿಲ್ಲ ಎನ್ನುವವರು ಇಂಜೆಕ್ಷನ್ನೇ ಕೊಡಿಸಿ. ಬಿಳಿಚಿಕೊಂಡು ಏದುಸಿರು ಬಿಡುವ ಮರಿಗಿಂತ ಅದು ಮೇಲು.

ಪ್ರಶ್ನೆ: ಹಣ್ಣಿನ ಮರಗಳ ಕೆಳಗೆ ಹಂದಿ ಬಿಟ್ಟರೆ ಉದುರಿದ ಹಣ್ಣೂ ಖಾಲಿ, ಗೊಬ್ಬರವೂ ಆಯಿತು. ಒಳ್ಳೆಯ ಉಪಾಯ ಅಲ್ವಾ?

ಉಪಾಯ ಹಳೆಯದು, ಒಳ್ಳೆಯದೇ. ಎಳೆ ಮರಗಳ ಬುಡಕ್ಕೆ ಕಾವಲು ಕಟ್ಟಿ, ತೊಗಟೆ ಸುಲಿಯುತ್ತವೆ. ಆದರೆ ಹಣ್ಣು ತಿನ್ನುವ ಬಾವಲಿಗಳಿದ್ದರೆ ನಾನು ಬೇಡ ಅನ್ನುತ್ತೇನೆ. 1998–99ರಲ್ಲಿ ಮಲೇಷ್ಯಾದಲ್ಲಿ ನಿಪಾ ಕಾಣಿಸಿಕೊಂಡದ್ದು ಹೀಗೇ. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿ ದೊಡ್ಡಿಗೆ ಬಿತ್ತು, ಹಂದಿಯಿಂದ ಸಾಕುವವರಿಗೆ ರೋಗ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು 10 ಲಕ್ಷ ಹಂದಿಗಳನ್ನು ಕೊಂದರು. ಅಂಥ ಕಡೆ ಹಣ್ಣಿನ ಕಾಲ ಮುಗಿದ ಮೇಲೆ ಬಿಡಿ, ಮರದ ಕೆಳಗೆ ಗೂಡಂತೂ ಕಟ್ಟಲೇಬೇಡಿ.

ಪ್ರಶ್ನೆ: ಜಂತುಹುಳಕ್ಕೆ ಬೆಳ್ಳುಳ್ಳಿ ಸಾಕಾ? ಲಸಿಕೆ, ಇಂಗ್ಲಿಷ್ ಮದ್ದು ಬೇಡ ಎಂದು ನಿರ್ಧರಿಸಿದ್ದೇವೆ.

ಬೆಳ್ಳುಳ್ಳಿ ಹಾಕಿ, ಬೇಡ ಅನ್ನುವುದಿಲ್ಲ. ಅದನ್ನೇ ನಂಬಿ ಕೂರಬೇಡಿ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಒಂದೇ ಜಾಗದಲ್ಲಿ ತಲೆಮಾರುಗಟ್ಟಲೆ ಹಂದಿ ಸಾಕಿದರೆ ಆ ಮಣ್ಣೇ ರೋಗದ ಮನೆ. ಹಂದಿ ಕಡಿದಾಗ ಈಲಿಯ (ಲಿವರ್) ಮೇಲೆ ಹಾಲು ಚೆಲ್ಲಿದಂಥ ಬಿಳಿ ಕಲೆ ಕಂಡರೆ ಹುಳು ದಾಟಿಹೋಗಿದೆ ಎಂದು ತಿಳಿಯಿರಿ. ಜಾಗ ಬದಲಿಸುವುದೇ ಮೊದಲ ಮದ್ದು. ಎರಡನೆಯದು ಗೊಬ್ಬರವನ್ನು ಬಿಸಿಯೇರುವ ಹಾಗೆ ರಾಶಿ ಹಾಕಿ ಕೊಳೆಸುವುದು. ಆಮೇಲೂ ಮಲ ಪರೀಕ್ಷೆಯಲ್ಲಿ ಮೊಟ್ಟೆ ಕಂಡರೆ ಜಂತು ಮದ್ದು ಕೊಡಿ. ಕಡಿಯುವ ಮುಂಚೆ ಎಷ್ಟು ದಿನ ಕಾಯಬೇಕು ಎಂದು ಚೀಟಿಯಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ. ಲಸಿಕೆಯನ್ನು ಬಿಡುವುದು ಹಟ ಅಷ್ಟೇ, ಅದರಲ್ಲಿ ಸಹಜವಾದದ್ದು ಏನೂ ಇಲ್ಲ. ನಿಮ್ಮ ಕಡೆ ಯಾವ ರೋಗ ಇದೆಯೋ ಅದಕ್ಕೆ ಹಾಕಿಸಿ.

ಪ್ರಶ್ನೆ: ಗಾಡಿಗೆ ಹತ್ತಿಸುವಾಗ ಪ್ರತಿ ಸಲ ಯುದ್ಧ. ಕಿವಿ ಹಿಡಿದು ಎಳೆದರೂ ಬರುವುದಿಲ್ಲ.

ಎಳೆದರೆ ಹಂದಿ ಹಿಂದಕ್ಕೇ ಎಳೆಯುತ್ತದೆ. ಕಿವಿ, ಬಾಲ ಮುಟ್ಟಬೇಡಿ. ಸೊಂಟದೆತ್ತರದ ಒಂದು ಹಲಗೆ ಹಿಡಿದು ಹಿಂದೆ ನಡೆಯಿರಿ. ಹಲಗೆ ಇರುವ ಕಡೆ ದಾರಿ ಇಲ್ಲ ಎಂದುಕೊಂಡು ತೆರೆದ ಕಡೆಗೆ ತಿರುಗುತ್ತದೆ. ಏರು ಹಲಗೆ 20 ಡಿಗ್ರಿಗಿಂತ ಕಡಿದಾಗಿರಬಾರದು, ಕಾಲು ಜಾರದಂತೆ ಅದರ ಮೇಲೆ ಹುಲ್ಲು ಹಾಸಿ. ಗಾಡಿಯೊಳಗೆ ಕತ್ತಲೆ ಇದ್ದರೆ ಹತ್ತುವುದಿಲ್ಲ, ಬೆಳಕು ಬೀಳಲಿ. ಎರಡು ಮೂರು ದಿನ ಮುಂಚೆಯೇ ಗಾಡಿ ತಂದು ನಿಲ್ಲಿಸಿ ಊಟವನ್ನು ಅದರೊಳಗೇ ಹಾಕಲು ಸಾಧ್ಯವಾದರೆ ಹಲಗೆಯೂ ಬೇಕಾಗಲಿಕ್ಕಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಚರ್ಮದ ಮೇಲೆ ಕೆಂಪು ಮಚ್ಚೆ ಎದ್ದರೆ ಅಲ್ಲಿಗೇ ನಿಲ್ಲಿಸಿ ನೆರಳಲ್ಲಿ ಬಿಡಿ. ಬಿಸಿಲು ಇಳಿದ ಮೇಲೆ ಮತ್ತೆ ನೋಡಿದರಾಯಿತು.